ಕೊಟ್ಟಿಗೆಗೆ ಬಂದ ಲ್ಯಾಪ್‌ಟಾಪ್: ಸೇವಾ ಸಂಸ್ಥೆಯವರು ಬರೆದುಕೊಳ್ಳುವುದೇನು, ನಮಗಾಗುವ ಲಾಭವೇನು?



ಈಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಕೊಟ್ಟಿಗೆಗಳಿಗೆ ಹೊಸ ಬಗೆಯ ಕಾರ್ಯಕರ್ತರು ಬರುತ್ತಿದ್ದಾರೆ. ಅವರ ಕೈಯಲ್ಲಿ ಅಳತೆಯ ಟೇಪು ಮತ್ತು ತೂಗುವ ತಕ್ಕಡಿ, ಚೀಲದಲ್ಲಿ ಲ್ಯಾಪ್‌ಟಾಪ್ ಅಥವಾ ದೊಡ್ಡ ಪರದೆಯ ಫೋನು ಇರುತ್ತದೆ. ರಾಸಿನ ಕಿವಿಯೋಲೆಯ ನಂಬರು ಓದುತ್ತಾರೆ, ಎದೆಯ ಸುತ್ತಳತೆ ಹಿಡಿಯುತ್ತಾರೆ. ಎಷ್ಟು ಹಾಲು ಕೊಡುತ್ತದೆ, ಯಾವಾಗ ಕರು ಹಾಕಿತು, ಏನು ಮೇವು ಹಾಕುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಇವರಲ್ಲಿ ಕೆಲವರು ನಮ್ಮ ಒಕ್ಕೂಟದವರು, ಕೆಲವರು ಪಶುಪಾಲನಾ ಇಲಾಖೆಯವರು, ಇನ್ನು ಕೆಲವರು ಸೇವಾ ಸಂಸ್ಥೆಗಳವರು.

ಸಂಘದ ಸಭೆಗಳಲ್ಲಿ ಸದಸ್ಯರು ಈ ಬಗ್ಗೆ ಕೇಳುವ ಪ್ರಶ್ನೆ ಒಂದೇ: "ಇವರು ಬರೆದುಕೊಂಡು ಹೋಗುತ್ತಾರೆ, ಸರಿ. ಅದರಿಂದ ನಮಗೇನು?" ಇದು ನ್ಯಾಯವಾದ ಪ್ರಶ್ನೆ. ಈ ಸಂಸ್ಥೆಗಳು ಕಂಪ್ಯೂಟರನ್ನು ಯಾವ ಯಾವ ಕೆಲಸಕ್ಕೆ ಬಳಸುತ್ತವೆ, ಅದರಲ್ಲಿ ಹಸುವಿನ ಹೊಟ್ಟೆಗೂ ನಮ್ಮ ಜೇಬಿಗೂ ಸಂಬಂಧಿಸಿದ್ದು ಯಾವುದು, ಸದಸ್ಯರು ಏನು ಕೊಡಬೇಕು ಮತ್ತು ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸೇವಾ ಸಂಸ್ಥೆ ಎಂದರೆ ಯಾವುದು?

ವ್ಯಾಪಾರಿ ಕಂಪನಿಗೆ ಬಂದ ಲಾಭ ಅದರ ಮಾಲೀಕರಿಗೆ ಹೋಗುತ್ತದೆ. ನಮ್ಮ ಸಹಕಾರ ಸಂಘದ ಲಾಭ ಬೋನಸ್ ರೂಪದಲ್ಲಿ ಸದಸ್ಯರಾದ ನಮಗೇ ಬರುತ್ತದೆ. ಲಾಭ ಹಂಚಿಕೊಳ್ಳುವ ಮಾಲೀಕರಾಗಲೀ ಷೇರುದಾರರಾಗಲೀ ಇಲ್ಲದೆ, ಬಂದ ಹಣವನ್ನೆಲ್ಲ ಹಮ್ಮಿಕೊಂಡ ಕೆಲಸಕ್ಕೇ ಖರ್ಚು ಮಾಡಬೇಕಾದದ್ದು ಲಾಭರಹಿತ ಸೇವಾ ಸಂಸ್ಥೆ.

ಹೈನುಗಾರಿಕೆಯಲ್ಲಿ ಇಂಥ ಸಂಸ್ಥೆಗಳ ಪೈಕಿ ದೊಡ್ಡ ಹೆಸರು ಬೈಫ್. ಮಣಿಭಾಯಿ ದೇಸಾಯಿಯವರು 1967ರಲ್ಲಿ ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಇದನ್ನು ಸ್ಥಾಪಿಸಿದರು. ರೈತರ ಮನೆ ಬಾಗಿಲಿಗೇ ಹೋಗಿ ಕೃತಕ ಗರ್ಭಧಾರಣೆ ಮಾಡುವ ಕ್ರಮವನ್ನು ವ್ಯಾಪಕವಾಗಿ ನಡೆಸಿದ ಸಂಸ್ಥೆ ಇದು. ನಮ್ಮ ರಾಜ್ಯದಲ್ಲೂ ತಿಪಟೂರು, ಧಾರವಾಡ ಕಡೆಗಳ ರೈತರಿಗೆ ಇದರ ಪರಿಚಯವಿದೆ. ಆನಂದದಲ್ಲಿರುವ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ 1965ರಲ್ಲಿ ಆರಂಭವಾಯಿತು, 1987ರ ಕಾಯ್ದೆಯಿಂದ ಶಾಸನಬದ್ಧ ಸಂಸ್ಥೆಯಾಯಿತು. ಇದು ಸ್ವಯಂಸೇವಾ ಸಂಸ್ಥೆಯಲ್ಲ. ಆದರೆ ಇದಕ್ಕೂ ಲಾಭ ಹಂಚಿಕೊಳ್ಳುವ ಷೇರುದಾರರಿಲ್ಲ. ನಮ್ಮ ರಾಸುಗಳ ಲೆಕ್ಕವನ್ನು ಕಂಪ್ಯೂಟರಿಗೆ ತಂದ ಕೆಲಸದಲ್ಲಿ ಇದರ ಪಾಲು ದೊಡ್ಡದಾದ್ದರಿಂದ ಇಲ್ಲಿ ಸೇರಿಸಿಕೊಂಡಿದ್ದೇನೆ.

ಪುಸ್ತಕ ಇದ್ದಾಗ ಕಂಪ್ಯೂಟರ್ ಏಕೆ?

ಹಿಂದೆಯೂ ಲೆಕ್ಕ ಇತ್ತು. ಗರ್ಭಧಾರಣೆ ಕಾರ್ಯಕರ್ತರ ಬಳಿ ದಪ್ಪನೆಯ ರಿಜಿಸ್ಟರ್ ಇರುತ್ತಿತ್ತು. ಅದರಲ್ಲಿ "ರಾಮಣ್ಣ, ಕಪ್ಪು ಬಿಳಿ ಹಸು" ಎಂದು ಬರೆದಿರುತ್ತಿದ್ದರು. ಒಂದೇ ಊರಿನಲ್ಲಿ ಮೂವರು ರಾಮಣ್ಣಂದಿರು, ಹತ್ತು ಕಪ್ಪು ಬಿಳಿ ಹಸುಗಳು ಇದ್ದರೆ ಆ ದಾಖಲೆ ಯಾವ ಹಸುವಿನದು? ಎರಡು ವರ್ಷದ ಮೇಲೆ ಅದರ ಕರು ಬೆದೆಗೆ ಬಂದಾಗ ತಂದೆ ಹೋರಿ ಯಾವುದೆಂದು ತಿಳಿಯಲು ಹಳೆಯ ರಿಜಿಸ್ಟರ್ ಹುಡುಕುವವರು ಯಾರು?

ಪುಸ್ತಕದಲ್ಲಿ ಬರೆದದ್ದು ಅಲ್ಲೇ ಕೂರುತ್ತದೆ. ಕಂಪ್ಯೂಟರಿಗೆ ಹಾಕಿದ ಲೆಕ್ಕವನ್ನು ಬೇಕಾದ ದಿನ, ಬೇಕಾದ ರೀತಿಯಲ್ಲಿ ಹೊರಗೆ ತೆಗೆಯಬಹುದು. "ಈ ವಾರ ಗರ್ಭ ಪರೀಕ್ಷೆಗೆ ಬಂದ ಹಸುಗಳು ಯಾವುವು?", "ಮೂರು ಸಲ ಗರ್ಭಧಾರಣೆ ಮಾಡಿಸಿದರೂ ಗರ್ಭ ಕಟ್ಟದ ರಾಸುಗಳು ಎಷ್ಟು?" ಎಂದು ಕೇಳಿದರೆ ಕ್ಷಣದಲ್ಲಿ ಪಟ್ಟಿ ಸಿಗುತ್ತದೆ. ಹೆಚ್ಚಾಗಿ ಬೇಕಾಗಿದ್ದದ್ದು ಈ ಹುಡುಕುವ ಅನುಕೂಲವೇ. ನಮ್ಮ ಸಂಘಗಳಲ್ಲಿ ಹಾಲು ಅಳೆದು, ಜಿಡ್ಡು ನೋಡಿ, ಚೀಟಿ ಕೊಡುವ ಯಂತ್ರ ನಿಮಗೆಲ್ಲ ಗೊತ್ತೇ ಇದೆ. ಅದು ಕ್ಯಾನಿಗೆ ಬಿದ್ದ ಹಾಲಿನ ಲೆಕ್ಕ. ಈಗ ಹೇಳಹೊರಟಿರುವುದು ಹಾಲು ಕೊಡುವ ರಾಸಿನ ಲೆಕ್ಕ.

ಎಲ್ಲಕ್ಕೂ ಮೂಲ: 12 ಅಂಕಿಯ ಕಿವಿಯೋಲೆ

ಹಳದಿ ಬಣ್ಣದ ಪ್ಲಾಸ್ಟಿಕ್ ಓಲೆಯ ಮೇಲೆ 12 ಅಂಕಿಗಳ ನಂಬರು ಇರುತ್ತದೆ. ದೇಶದಲ್ಲಿ ಒಂದು ರಾಸಿಗೆ ಕೊಟ್ಟ ನಂಬರನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಹಾಲು ಮಂಡಳಿ ರೂಪಿಸಿದ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮೊದಲು ಬಳಕೆಗೆ ಬಂದ ಈ ಕ್ರಮ, ಈಗ ಕೇಂದ್ರ ಸರ್ಕಾರದ 'ಭಾರತ್ ಪಶುಧನ್' ವ್ಯವಸ್ಥೆಯಲ್ಲಿ ಮುಂದುವರಿದಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಅಡಿ ಹಾಕುವ ಕಾಲುಬಾಯಿ ಜ್ವರದ ಲಸಿಕೆ, 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಜೀವಮಾನದಲ್ಲಿ ಒಮ್ಮೆ ಹಾಕುವ ಕಂದು ರೋಗದ ಲಸಿಕೆ, ಗರ್ಭಧಾರಣೆ, ಚಿಕಿತ್ಸೆ ಎಲ್ಲವೂ ಇದೇ ನಂಬರಿನ ಮೇಲೆ ದಾಖಲಾಗುತ್ತವೆ.

ಓಲೆ ಬಿದ್ದು ಹೋದರೆ ಆ ರಾಸಿನ ಇತಿಹಾಸವೇ ಕಳೆದಂತೆ. ವಿಮೆ ಮಾಡಿಸಿದ ರಾಸಿನ ಓಲೆ ಬಿದ್ದರಂತೂ ಅದೇ ದಿನ ಸಂಘದ ಕಾರ್ಯದರ್ಶಿಗೂ ಪಶುವೈದ್ಯರಿಗೂ ತಿಳಿಸಬೇಕು. ರಾಸು ಸತ್ತ ಮೇಲೆ ಓಲೆ ಇಲ್ಲದಿದ್ದರೆ ವಿಮೆಯ ಹಣಕ್ಕೆ ತೊಡಕಾಗುವುದು ಖಂಡಿತ. ರಾಸು ಮಾರಿದಾಗ, ಕೊಂಡಾಗಲೂ ನಂಬರನ್ನು ಹೊಸ ಮಾಲೀಕರ ಹೆಸರಿಗೆ ಬದಲಾಯಿಸಲು ಮರೆಯಬಾರದು.

ಆಹಾರ ಸಮತೋಲನದ ಲೆಕ್ಕ

ಲ್ಯಾಪ್‌ಟಾಪ್‌ನಿಂದ ಉತ್ಪಾದಕರಿಗೆ ಅತಿ ನೇರವಾಗಿ ಹಣ ಉಳಿಸಿಕೊಡಬಲ್ಲ ಕೆಲಸ ಇದು. ಹಾಲಿನ ಉತ್ಪಾದನಾ ವೆಚ್ಚದ ಸುಮಾರು ಮೂರರಲ್ಲಿ ಎರಡು ಪಾಲು ಮೇವು ಮತ್ತು ಆಹಾರಕ್ಕೇ ಹೋಗುತ್ತದೆ. ರಾಷ್ಟ್ರೀಯ ಹೈನು ಯೋಜನೆಯ ಮೊದಲ ಹಂತದಲ್ಲಿ, 2012ರಿಂದ 2019ರವರೆಗೆ, ಹಳ್ಳಿಯವರನ್ನೇ ಆರಿಸಿ ತರಬೇತಿ ನೀಡಿ, ಅವರ ಕೈಗೆ ಸಣ್ಣ ಲ್ಯಾಪ್‌ಟಾಪ್, ಟೇಪು, ತಕ್ಕಡಿ ಕೊಟ್ಟು ಮನೆಮನೆಗೆ ಕಳುಹಿಸಲಾಯಿತು. ಹಾಲು ಒಕ್ಕೂಟಗಳ ಜೊತೆಗೆ ಸೇವಾ ಸಂಸ್ಥೆಗಳೂ ಈ ಯೋಜನೆಯಲ್ಲಿ ಪಾಲ್ಗೊಂಡವು.

ಕೆಲಸ ಹೀಗೆ ನಡೆಯುತ್ತದೆ. ಕಾರ್ಯಕರ್ತರು ಓಲೆ ನಂಬರು ಹಾಕಿ, ರಾಸಿನ ವಯಸ್ಸು, ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ, ಗರ್ಭವಿದೆಯೇ ಎಂಬುದನ್ನು ತುಂಬುತ್ತಾರೆ. ಟೇಪಿನಿಂದ ಮೈ ಅಳೆದು ತೂಕ ಕಂಡುಹಿಡಿಯುತ್ತಾರೆ. ಬೆಳಿಗ್ಗೆ ಸಂಜೆ ಹಾಲು ಅಳೆದು ಜಿಡ್ಡು ನೋಡುತ್ತಾರೆ. ಈಗ ಹಾಕುತ್ತಿರುವ ಮೇವನ್ನು ತೂಗುತ್ತಾರೆ. ರಾಗಿ ಹುಲ್ಲು, ಭತ್ತದ ಹುಲ್ಲು, ಮುಸುಕಿನ ಜೋಳದ ಹಸಿ ಮೇವು, ನೇಪಿಯರ್, ಬೂಸಾ, ಹಿಂಡಿ ಇವುಗಳಲ್ಲಿ ಪ್ರತಿಯೊಂದರಲ್ಲೂ ಎಷ್ಟು ಸಾರಜನಕ ಅಂಶ, ಎಷ್ಟು ಶಕ್ತಿ, ಎಷ್ಟು ಸುಣ್ಣ ಮತ್ತು ರಂಜಕ ಇದೆ ಎಂಬ ಪಟ್ಟಿ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಊರಿನಲ್ಲಿ ಅವುಗಳ ಬೆಲೆ ಎಷ್ಟೆಂದು ತುಂಬಿದರೆ, ಆ ರಾಸಿಗೆ ಬೇಕಾದ ಪೋಷಕಾಂಶ ಅತಿ ಕಡಿಮೆ ಖರ್ಚಿನಲ್ಲಿ ಸಿಗುವಂತೆ ಯಾವುದನ್ನು ಎಷ್ಟು ಹಾಕಬೇಕೆಂದು ಯಂತ್ರ ಲೆಕ್ಕ ಹಾಕುತ್ತದೆ. ಇದನ್ನು ಕಾಗದದ ಮೇಲೆ ಮಾಡಲು ಕೂತರೆ ಪಶುವೈದ್ಯರಿಗೂ ಅರ್ಧ ದಿನ ಬೇಕು. ಪ್ರತಿ ರಾಸಿಗೂ ಬೇರೆ ಬೇರೆ ಲೆಕ್ಕ ಮಾಡುವುದಂತೂ ಕೈಯಿಂದ ಆಗದ ಮಾತು.

ನಾವು ಬಾಯಿಲೆಕ್ಕದಲ್ಲಿ ಹೇಳುವ ಸೂತ್ರ ನಿಮಗೆ ತಿಳಿದದ್ದೇ: ಮಿಶ್ರತಳಿ ಹಸುವಿಗೆ ದೇಹ ಪೋಷಣೆಗೆ ಒಂದೂವರೆ ಕಿಲೋ, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ; ಎಮ್ಮೆಗೆ ಲೀಟರಿಗೆ 500 ಗ್ರಾಂ. ಈ ಸೂತ್ರ ಸುಳ್ಳಲ್ಲ, ಆದರೆ ಸ್ಥೂಲವಾದದ್ದು. ಕರು ಹಾಕಿ ಎರಡು ತಿಂಗಳಾದ ಹಸುವೂ, ಏಳು ತಿಂಗಳ ಗರ್ಭದ ಹಸುವೂ ಎಂಟೆಂಟು ಲೀಟರ್ ಕೊಡುತ್ತಿರಬಹುದು. ಎರಡಕ್ಕೂ ಬೇಕಾದ ಆಹಾರ ಒಂದೇ ಅಲ್ಲ. ಅಲಸಂದೆ, ಕುದುರೆ ಮೆಂತೆಯಂಥ ದ್ವಿದಳ ಹಸಿರು ಮೇವು ಇರುವ ಮನೆಗೂ ಬರೀ ಒಣಹುಲ್ಲಿನ ಮನೆಗೂ ಲೆಕ್ಕ ಒಂದೇ ಅಲ್ಲ. ಈ ವ್ಯತ್ಯಾಸಗಳನ್ನು ಯಂತ್ರ ಹಿಡಿಯುತ್ತದೆ. ಹೀಗೆ ಲೆಕ್ಕ ಹಾಕಿ ನೋಡಿದಾಗ ಸಾಮಾನ್ಯವಾಗಿ ಕಾಣುವುದು ಎರಡು ದೋಷ. ಹಾಲು ಕಡಿಮೆಯಾದ ರಾಸಿಗೆ ಹಿಂಡಿ ಹೆಚ್ಚಾಗಿರುತ್ತದೆ. ಹೆಚ್ಚು ಹಾಲಿನ ರಾಸಿಗೆ ಖನಿಜ ಮಿಶ್ರಣ ಇಲ್ಲವೇ ಇಲ್ಲ. ಮೊದಲನೆಯದು ದುಡ್ಡಿನ ನಷ್ಟ, ಎರಡನೆಯದು ರಾಸಿನ ನಷ್ಟ.

ಅಳತೆ ತಪ್ಪಿದರೆ ಏನಾಗುತ್ತದೆ?

ಇಲ್ಲಿ ಸದಸ್ಯರು ಸ್ವಲ್ಪ ನಿಂತು ಯೋಚಿಸಬೇಕು. ಕಂಪ್ಯೂಟರ್ ಹಸುವನ್ನು ನೋಡುವುದಿಲ್ಲ. ನಾವು ಹೇಳಿದ ಅಂಕಿಯನ್ನು ಮಾತ್ರ ನೋಡುತ್ತದೆ. ಬೇವು ಬಿತ್ತಿದರೆ ಮಾವು ಬಾರದು. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ತೂಕ. ಟೇಪಿನಿಂದ ತೂಕ ತಿಳಿಯುವ ಹಳೆಯ ಸೂತ್ರವನ್ನು ನೀವೂ ಬಳಸಬಹುದು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಅಳೆಯಿರಿ. ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಬರುತ್ತದೆ. ಸುತ್ತಳತೆ 65, ಉದ್ದ 55 ಅಂಗುಲವಾದರೆ ತೂಕ ಸುಮಾರು 352 ಕಿಲೋ. ಟೇಪು ಸಡಿಲ ಹಿಡಿದು 67 ಎಂದು ಓದಿದರೆ 374 ಕಿಲೋ ಆಗುತ್ತದೆ. ಎರಡೇ ಅಂಗುಲಕ್ಕೆ 22 ಕಿಲೋ ವ್ಯತ್ಯಾಸ! ಆದ್ದರಿಂದ ಅಳೆಯುವಾಗ ರಾಸು ಸಮತಟ್ಟಾದ ನೆಲದಲ್ಲಿ ನಾಲ್ಕೂ ಕಾಲಿನ ಮೇಲೆ ನೇರವಾಗಿ ನಿಂತಿರಬೇಕು, ಟೇಪು ಬಿಗಿಯಾಗಿರಬೇಕು.

ಎರಡನೆಯದು ಹಾಲು. "ಎಷ್ಟು ಹಾಲು?" ಎಂದರೆ ನಮ್ಮಲ್ಲಿ ಅನೇಕರು ಸಂಘದ ಚೀಟಿ ನೋಡಿ ಹೇಳುತ್ತಾರೆ. ಸಂಘಕ್ಕೆ ಹಾಕಿದ್ದು 8 ಲೀಟರ್, ಮನೆಗೆ ಇಟ್ಟುಕೊಂಡದ್ದು 1 ಲೀಟರ್, ಕರು ಕುಡಿದದ್ದು 2 ಲೀಟರ್ ಎಂದಿಟ್ಟುಕೊಳ್ಳಿ. ಹಸು ಉತ್ಪಾದಿಸಿದ್ದು 11 ಲೀಟರ್. ನಾವು 8 ಎಂದರೆ ಮೂರು ಲೀಟರಿನ ಆಹಾರ, ಅಂದರೆ ದಿನಕ್ಕೆ 1 ಕಿಲೋ 200 ಗ್ರಾಂ, ತಿಂಗಳಿಗೆ 36 ಕಿಲೋ, ಹಸುವಿಗೆ ಕಡಿಮೆ ಬೀಳುತ್ತದೆ. ಹಸು ತನ್ನ ಮೈ ಕರಗಿಸಿ ಹಾಲು ಕೊಡುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಇನ್ನೊಬ್ಬರು ಅಭಿಮಾನಕ್ಕೆ 8 ಲೀಟರ್ ಕೊಡುವ ಹಸುವನ್ನು 11 ಎಂದು ಹೇಳಿದರೆ ಅದೇ 36 ಕಿಲೋ ಆಹಾರ ಪ್ರತಿ ತಿಂಗಳು ವ್ಯರ್ಥ. ಐವತ್ತು ಕಿಲೋ ಚೀಲದಲ್ಲಿ ಮುಕ್ಕಾಲು ಪಾಲು ಹೋದಂತೆ. ಎರಡು ಮೂರು ಹಸು ಇದ್ದವರು ಹಾಲನ್ನು ಒಟ್ಟಿಗೆ ಹೇಳದೆ ಒಂದೊಂದರದ್ದನ್ನು ಬೇರೆ ಬೇರೆ ಅಳೆದು ಹೇಳಬೇಕು.

ಮೂರನೆಯದು ಮೇವು. "ಒಂದು ಸೇರು ಬೂಸಾ, ಒಂದು ಸೇರು ಹಿಂಡಿ, ಒಂದು ಹೊರೆ ಹುಲ್ಲು" ಎಂಬ ಅಳತೆ ಲೆಕ್ಕಕ್ಕೆ ಸಾಲದು. ಅದೇ ಸೇರಿನಲ್ಲಿ ಬೂಸಾ ಹಗುರ, ಹಿಂಡಿ ಭಾರ. ಒಬ್ಬರ ಹೊರೆ ಇನ್ನೊಬ್ಬರ ಹೊರೆಯಲ್ಲ. ಒಂದು ಸಲ ತಕ್ಕಡಿಯಲ್ಲಿ ತೂಗಿ, ನಿಮ್ಮ ಸೇರಿಗೆ ಎಷ್ಟು ಗ್ರಾಂ ಎಂದು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ಲೆಕ್ಕ ಮುಗಿದ ಮೇಲೆ ಕಾರ್ಯಕರ್ತರಿಂದ ಚೀಟಿ ಪಡೆಯಿರಿ. ಹೊಸ ಆಹಾರಕ್ಕೆ ಒಂದೇ ದಿನದಲ್ಲಿ ಬದಲಾಯಿಸಬೇಡಿ. ಮೆಲುಕು ಹಾಕುವ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಎಂಟು ಹತ್ತು ದಿನ ಬೇಕು. ಹಾಲು, ಗರ್ಭ, ಮೇವು ಬದಲಾದಂತೆ ಲೆಕ್ಕವೂ ಬದಲಾಗುವುದರಿಂದ ತಿಂಗಳಿಗೊಮ್ಮೆ ಮತ್ತೆ ಅಳೆಸಬೇಕು. ಓದು ಬಲ್ಲ ಮಕ್ಕಳಿರುವ ಮನೆಯವರು ಹೈನು ಮಂಡಳಿಯ 'ಪಶು ಪೋಷಣ್' ಆ್ಯಪ್‌ನಲ್ಲಿ ಈ ಲೆಕ್ಕವನ್ನು ಸ್ವತಃ ಮಾಡಿ ನೋಡಬಹುದು.

ಗರ್ಭಧಾರಣೆಯ ದಿನಾಂಕ ಮತ್ತು ಹೋರಿಯ ನಂಬರು

ಬೈಫ್‌ನಂಥ ಸಂಸ್ಥೆಗಳ ಕಾರ್ಯಕರ್ತರು ಮೊದಲು ಕಾಗದದಲ್ಲಿ ಬರೆಯುತ್ತಿದ್ದದ್ದನ್ನು ಈಗ ಫೋನಿನಲ್ಲಿ ತುಂಬುತ್ತಾರೆ. ದ್ರವ ಸಾರಜನಕದ ಪಾತ್ರೆಯಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿ ಇಟ್ಟ ವೀರ್ಯ ಕಡ್ಡಿಯ ಮೇಲೆ ಹೋರಿಯ ನಂಬರು ಮುದ್ರಿಸಿರುತ್ತದೆ. ಹಸುವಿನ ಓಲೆ ನಂಬರು, ಹೋರಿಯ ನಂಬರು, ದಿನಾಂಕ ಈ ಮೂರು ಸೇರಿದರೆ ದಾಖಲೆ ಪೂರ್ತಿ.

ಇದರಿಂದ ಆಗುವ ಮೊದಲ ಲಾಭ ದಿನಾಂಕಗಳದು. 2025ರ ಜನವರಿ 10ರಂದು ಗರ್ಭಧಾರಣೆ ಮಾಡಿಸಿದ ಹಸುವನ್ನು ಉದಾಹರಣೆಗೆ ತೆಗೆದುಕೊಳ್ಳಿ. 21ನೇ ದಿನ, ಜನವರಿ 31ರ ಸುಮಾರಿಗೆ, ಮತ್ತೆ ಬೆದೆಗೆ ಬಂತೇ ಎಂದು ನೋಡಬೇಕು. 90 ದಿನಕ್ಕೆ, ಏಪ್ರಿಲ್ 10ರಂದು, ಗರ್ಭ ಪರೀಕ್ಷೆ ಮಾಡಿಸಬೇಕು. ಸುಮಾರು 280 ದಿನಕ್ಕೆ, ಅಕ್ಟೋಬರ್ 17ರ ಹೊತ್ತಿಗೆ, ಕರು ಹಾಕುತ್ತದೆ. ಅದಕ್ಕೆ 60 ದಿನ ಮೊದಲು, ಆಗಸ್ಟ್ 18ಕ್ಕೆ, ಹಾಲು ಬತ್ತಿಸಬೇಕು. ಈ ದಿನಾಂಕಗಳನ್ನೆಲ್ಲ ಯಂತ್ರ ತಾನೇ ಲೆಕ್ಕ ಹಾಕಿಕೊಡುತ್ತದೆ. ಆದರೆ ಗರ್ಭಧಾರಣೆಯ ದಿನವನ್ನು ಒಂದು ತಿಂಗಳು ಮುಂದಕ್ಕೆ ಹೇಳಿದರೆ ಬತ್ತಿಸುವ ದಿನವೂ ಒಂದು ತಿಂಗಳು ಮುಂದೆ ಹೋಗುತ್ತದೆ. ಕೆಚ್ಚಲಿಗೆ ಅರವತ್ತು ದಿನದ ಬದಲು ಮೂವತ್ತೇ ದಿನ ವಿಶ್ರಾಂತಿ ಸಿಕ್ಕಿ, ಮುಂದಿನ ಸೂಲಿನ ಹಾಲು ಇಳಿಯುತ್ತದೆ.

ಎರಡನೆಯದು ಸಂಬಂಧದ ದೋಷ. ತಂದೆ ಹೋರಿಯ ವೀರ್ಯವನ್ನೇ ಮಗಳಿಗೂ ಹಾಕಿದರೆ ಹುಟ್ಟುವ ಕರುವಿನಲ್ಲಿ ಬಲ, ಬೆಳವಣಿಗೆ, ಹಾಲು ಎಲ್ಲ ಕುಗ್ಗುವ ಸಂಭವವಿದೆ. ಹೋರಿಯ ನಂಬರು ದಾಖಲಾಗಿದ್ದರೆ ಮಾತ್ರ ಇದನ್ನು ತಪ್ಪಿಸಬಹುದು. ಗರ್ಭಧಾರಣೆ ಮಾಡಿಸಿದಾಗಲೆಲ್ಲ ಆ ನಂಬರನ್ನು ನಿಮ್ಮ ಪುಸ್ತಕದಲ್ಲೂ ಬರೆಸಿಕೊಳ್ಳಿ.

ಮೂರನೆಯದು ಇಡೀ ನಾಡಿಗೆ ಸಂಬಂಧಿಸಿದ್ದು. ಹೋರಿ ತಾನು ಹಾಲು ಕೊಡುವುದಿಲ್ಲ. ಅದರ ಗುಣ ತಿಳಿಯುವುದು ಹಲವು ಹಳ್ಳಿಗಳಲ್ಲಿರುವ ಅದರ ಹೆಣ್ಣುಮಕ್ಕಳ ಹಾಲು ಅಳೆದು ನೋಡಿದಾಗ. ಇದಕ್ಕಾಗಿ ಆಯ್ದ ಹಳ್ಳಿಗಳಲ್ಲಿ ತಿಂಗಳಿಗೊಂದು ದಿನ ಬಂದು ಹಾಲು ಅಳೆದು ದಾಖಲಿಸುತ್ತಾರೆ. ಆ ದಿನ ಕೊಟ್ಟಿಗೆಯಲ್ಲಿ ಬರೆದ ಅಂಕಿಯ ಮೇಲೆ, ಮುಂದೆ ಯಾವ ಹೋರಿಯ ವೀರ್ಯ ಸಾವಿರಾರು ಮನೆಗಳಿಗೆ ಹೋಗಬೇಕೆಂಬ ತೀರ್ಮಾನ ನಿಂತಿದೆ. ನಾವು ಹೆಚ್ಚಿಸಿ ಹೇಳಿದರೆ ಸಾಧಾರಣ ಹೋರಿ ಉತ್ತಮವೆನಿಸಿಕೊಂಡು, ನಾಳೆ ನಮ್ಮ ಕೊಟ್ಟಿಗೆಗೇ ಬರುತ್ತದೆ.

ಚಿತ್ರ ತೋರಿಸಿ ಕಲಿಸುವ ಕೆಲಸ

ಲೆಕ್ಕವಲ್ಲದ ಇನ್ನೊಂದು ಉಪಯೋಗಕ್ಕೂ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಎಂಬುವರು 'ಡಿಜಿಟಲ್ ಗ್ರೀನ್' ಎಂಬ ಪ್ರಯೋಗ ಆರಂಭಿಸಿದರು. ಗ್ರೀನ್ ಫೌಂಡೇಶನ್ ಎಂಬ ಸೇವಾ ಸಂಸ್ಥೆಯ ಜೊತೆಗೂಡಿ ಕರ್ನಾಟಕದ 16 ಹಳ್ಳಿಗಳಲ್ಲಿ ಪರೀಕ್ಷೆ ನಡೆಯಿತು. 2008ರಲ್ಲಿ ಡಿಜಿಟಲ್ ಗ್ರೀನ್ ತಾನೇ ಪ್ರತ್ಯೇಕ ಲಾಭರಹಿತ ಸಂಸ್ಥೆಯಾಯಿತು.

ಅವರು ಮಾಡಿದ್ದು ಸರಳ ಕೆಲಸ. ಊರಿನ ರೈತರೇ ತಮ್ಮ ಹೊಲದಲ್ಲಿ, ಕೊಟ್ಟಿಗೆಯಲ್ಲಿ ಒಂದು ಪದ್ಧತಿಯನ್ನು ಮಾಡಿ ತೋರಿಸುವಾಗ ಅದರ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಚಿಕ್ಕದಾಗಿ ಜೋಡಿಸಿ, ಸಂಜೆ ಹೊತ್ತು ಊರಿನವರಿಗೆ ತೋರಿಸುವುದು. ದನಗಳಿಗೆ ಅಜೋಲ್ಲಾ ಬೆಳೆಸುವಂಥ ಪದ್ಧತಿಗಳೂ ಅದರಲ್ಲಿದ್ದವು. ಚಿತ್ರ ಓಡಿಸಿ ಸುಮ್ಮನಾಗುತ್ತಿರಲಿಲ್ಲ. ಊರಿನ ಒಬ್ಬರು ನಡುನಡುವೆ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳಿ, ಚರ್ಚೆ ಮಾಡಿಸಿ, ಯಾರು ಅಳವಡಿಸಿಕೊಂಡರು ಎಂದು ನಂತರ ಮನೆಗೆ ಹೋಗಿ ನೋಡುತ್ತಿದ್ದರು. ಬರೀ ಭೇಟಿ ಮತ್ತು ಭಾಷಣದ ಹಳೆಯ ಕ್ರಮಕ್ಕಿಂತ ಸುಮಾರು ಏಳು ಪಟ್ಟು ಹೆಚ್ಚು ಜನ ಹೊಸ ಪದ್ಧತಿ ಅಳವಡಿಸಿಕೊಂಡರೆಂದೂ, ಖರ್ಚಿನ ಲೆಕ್ಕದಲ್ಲಿ ಹತ್ತು ಪಟ್ಟು ಫಲಕಾರಿಯೆಂದೂ ಆ ಪ್ರಯೋಗದ ವರದಿ ಹೇಳಿತು. ನೋಡುವವರು ಮೊದಲು ಕೇಳುತ್ತಿದ್ದದ್ದು "ಇವರು ಯಾರು, ಯಾವ ಊರಿನವರು?" ಎಂದು. ಪಕ್ಕದ ಊರಿನ ಹೆಣ್ಣುಮಗಳು ಮಾಡಿದ್ದನ್ನು ಕಂಡರೆ "ನಾನೂ ಮಾಡಬಲ್ಲೆ" ಎಂಬ ಧೈರ್ಯ ಬರುತ್ತದೆ. ವಿದ್ಯುತ್ ಇಲ್ಲದ ಕಡೆ ಮುಂದೆ ಬ್ಯಾಟರಿಯಿಂದ ನಡೆಯುವ ಚಿಕ್ಕ ಪ್ರೊಜೆಕ್ಟರ್ ಬಂತು.

ಕೆಚ್ಚಲು ಬಾವು ತಡೆಯುವ ಕ್ರಮ, ಶುದ್ಧ ಹಾಲು ಉತ್ಪಾದನೆ, ರಸಮೇವು ತಯಾರಿಕೆ ಇವುಗಳನ್ನು ಚೆನ್ನಾಗಿ ಮಾಡುವ ಸದಸ್ಯರು ನಮ್ಮ ಪ್ರತಿ ಸಂಘದಲ್ಲೂ ಇದ್ದಾರೆ. ಒಂದು ಸಾಧಾರಣ ಫೋನಿನಲ್ಲಿ ಐದು ನಿಮಿಷದ ಚಿತ್ರ ತೆಗೆದು, ಸಂಘದ ಕಟ್ಟಡದಲ್ಲಿ ತೋರಿಸಿ ಚರ್ಚಿಸಿದರೆ ಇದೇ ಲಾಭ ನಮಗೂ ಸಿಗುತ್ತದೆ.

ಯಂತ್ರದಿಂದ ಆಗದ ಕೆಲಸ

ಗುಣ ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು.

ಸೇವಾ ಸಂಸ್ಥೆಗಳಿಗೆ ಸರ್ಕಾರದಿಂದ, ದಾನಿಗಳಿಂದ ಹಣ ಬರುತ್ತದೆ. ಎಷ್ಟು ಮನೆ ಭೇಟಿ ಮಾಡಿದೆವು, ಎಷ್ಟು ರಾಸು ನೋಂದಾಯಿಸಿದೆವು ಎಂದು ಅವರು ಲೆಕ್ಕ ಒಪ್ಪಿಸಬೇಕು. ಆದ್ದರಿಂದ ಅವರ ಪ್ರಶ್ನೆಗಳಲ್ಲಿ ಕೆಲವು ನಿಮ್ಮ ಹಸುವಿಗಾಗಿ, ಕೆಲವು ಅವರ ವರದಿಗಾಗಿ. ಎರಡೂ ತಪ್ಪಲ್ಲ. ಆದರೆ ವರದಿ ಮೇಲಕ್ಕೆ ಹೋಗಿ, ಕೊಟ್ಟಿಗೆಗೆ ಉತ್ತರ ಬಾರದೆ ಹೋದರೆ ಆ ಲ್ಯಾಪ್‌ಟಾಪ್‌ನಿಂದ ಉತ್ಪಾದಕರಿಗೆ ಪ್ರಯೋಜನವಿಲ್ಲ. "ಈ ವಿವರದಿಂದ ನನಗೆ ಏನು ಉತ್ತರ ಕೊಡುತ್ತೀರಿ, ಯಾವಾಗ ಕೊಡುತ್ತೀರಿ?" ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ಕಾರ್ಯಕರ್ತರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಇನ್ನೊಂದು ವಿಷಯ. ಮೇವು ಹಾಕುವವರು, ಹಾಲು ಕರೆಯುವವರು, ಬೆದೆ ಗುರುತಿಸುವವರು ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳು. ಪ್ರಶ್ನೆಗೆ ಉತ್ತರ ಕೊಡುವವರು ಮಾತ್ರ ಜಗುಲಿಯಲ್ಲಿ ಕೂತ ಗಂಡಸರು. ದಾಖಲೆಯಲ್ಲಿ ಕೊಡುವ ಫೋನ್ ನಂಬರು ಕೆಲವು ಸಲ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನದು. ಗರ್ಭ ಪರೀಕ್ಷೆಯ ದಿನ ತಿಳಿಸುವ ಸಂದೇಶ ಮಗನ ಫೋನಿಗೆ ಹೋದರೆ ಊರಿನಲ್ಲಿ ಹಸು ನೋಡಿಕೊಳ್ಳುವ ತಾಯಿಗೆ ತಿಳಿಯುವುದು ಹೇಗೆ? ರಾಸು ನೋಡಿಕೊಳ್ಳುವವರ ನಂಬರನ್ನೇ ಕೊಡಿ, ಅವರಿಂದಲೇ ಉತ್ತರ ಹೇಳಿಸಿ. ಓದಲು ಬಾರದವರಿಗೆ ಸಂಘದ ಕಾರ್ಯದರ್ಶಿಗಳು ಸಂದೇಶ ಓದಿ ಹೇಳುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

ಕಾಯಿಲೆ ಬಿದ್ದ ರಾಸಿನ ವಿಷಯದಲ್ಲಂತೂ ಪರದೆಯನ್ನು ನಂಬಿ ಕೂರಬಾರದು. ಹಾಲುಜ್ವರದಿಂದ ಮಲಗಿದ ಹಸುವಿಗೆ, ಹೊಟ್ಟೆ ಉಬ್ಬರಕ್ಕೆ ಗಂಟೆಗಳೇ ಮುಖ್ಯ. ಫೋನಿನಲ್ಲಿ ಮದ್ದು ಹುಡುಕುವ ಬದಲು ಅದೇ ಫೋನಿನಿಂದ ಪಶುವೈದ್ಯರಿಗೆ ಕರೆ ಮಾಡಿ.

ಸದಸ್ಯರ ಅನುಮಾನಗಳಿಗೆ ಉತ್ತರ

ಪ್ರಶ್ನೆ: ನಿಜವಾದ ಹಾಲಿನ ಅಳತೆ ಹೇಳಿದರೆ ನಮ್ಮ ದರ ಅಥವಾ ಪ್ರೋತ್ಸಾಹಧನ ಕಡಿಮೆಯಾಗುತ್ತದೆಯೇ?
ಉತ್ತರ: ಇಲ್ಲ. ದರ ನಿರ್ಧಾರವಾಗುವುದು ಸಂಘದಲ್ಲಿ ಹಾಕಿದ ಹಾಲಿನ ಪ್ರಮಾಣ, ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ. ಪ್ರೋತ್ಸಾಹಧನವೂ ಸಂಘಕ್ಕೆ ಹಾಕಿದ ಹಾಲಿನ ಲೆಕ್ಕದಲ್ಲೇ ಬರುತ್ತದೆ. ಕೊಟ್ಟಿಗೆಯ ಲೆಕ್ಕ ಬೇರೆ.

ಪ್ರಶ್ನೆ: ಬಂದವರು ನಿಜವಾದ ಕಾರ್ಯಕರ್ತರೆಂದು ತಿಳಿಯುವುದು ಹೇಗೆ?
ಉತ್ತರ: ಗುರುತಿನ ಚೀಟಿ ನೋಡಿ. ಅನುಮಾನವಿದ್ದರೆ ಸಂಘದ ಕಾರ್ಯದರ್ಶಿಯನ್ನು ಕೇಳಿದ ನಂತರವೇ ವಿವರ ಕೊಡಿ.

ಪ್ರಶ್ನೆ: ಫೋನಿಗೆ ಬಂದ ಒ.ಟಿ.ಪಿ. ಸಂಖ್ಯೆ ಕೇಳುತ್ತಾರೆ, ಹೇಳಬಹುದೇ?
ಉತ್ತರ: ರಾಸಿನ ನೋಂದಣಿಗೂ ಇಂಥ ಸಂಖ್ಯೆ ಬರುವುದುಂಟು. ಆದರೆ ಸಂದೇಶವನ್ನು ಮೊದಲು ಓದಿ ಅಥವಾ ಓದಿಸಿ. ಅದರಲ್ಲಿ ಬ್ಯಾಂಕ್, ಹಣ, ರೂಪಾಯಿ ಎಂಬ ಮಾತಿದ್ದರೆ ಯಾರಿಗೂ ಹೇಳಬಾರದು. ಹಸುವಿನ ಲೆಕ್ಕಕ್ಕೆ ಬ್ಯಾಂಕಿನ ಗುಪ್ತ ಸಂಖ್ಯೆ ಎಂದಿಗೂ ಬೇಕಿಲ್ಲ.

ಪ್ರಶ್ನೆ: ನಮ್ಮ ವಿವರವನ್ನು ಬೇರೆಯವರಿಗೆ ಕೊಟ್ಟರೆ?
ಉತ್ತರ: ಯಾವ ಉದ್ದೇಶಕ್ಕೆ ಬರೆದುಕೊಳ್ಳುತ್ತೀರಿ, ಯಾರಿಗೆ ಕೊಡುತ್ತೀರಿ ಎಂದು ಕೇಳುವ ಅಧಿಕಾರ ನಿಮಗಿದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ 8ನೇ ಅನುಸೂಚಿಯ ಭಾಷೆಗಳಲ್ಲಿ ಓದಿಕೊಳ್ಳುವ ಅವಕಾಶ ಇರಬೇಕು. ಕನ್ನಡ ಅದರಲ್ಲಿದೆ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ.

ನೆನಪಿಡಬೇಕಾದ ಅಂಶಗಳು

1. ಪ್ರತಿ ರಾಸಿಗೂ ಕಿವಿಯೋಲೆ ಇರಲಿ. ಬಿದ್ದರೆ ಕೂಡಲೇ ತಿಳಿಸಿ.
2. ಪ್ರತಿ ರಾಸಿನ ಹಾಲನ್ನು ಬೇರೆಯಾಗಿ ಅಳೆಯಿರಿ. ಮನೆಗೆ ಇಟ್ಟದ್ದನ್ನೂ ಕರು ಕುಡಿದದ್ದನ್ನೂ ಸೇರಿಸಿ ಹೇಳಿ.
3. ಮೇವು, ಹಿಂಡಿಯನ್ನು ಒಮ್ಮೆಯಾದರೂ ತೂಗಿ ನೋಡಿ.
4. ಬೆದೆ, ಗರ್ಭಧಾರಣೆ, ಕರು ಹಾಕಿದ ದಿನಾಂಕ ಮತ್ತು ಹೋರಿಯ ನಂಬರನ್ನು ಎರಡು ರೂಪಾಯಿಯ ಪೆನ್ನಿನಿಂದ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಂಪ್ಯೂಟರ್ ಕೆಟ್ಟರೂ ಅದು ಉಳಿಯುತ್ತದೆ.
5. ರಾಸು ನೋಡಿಕೊಳ್ಳುವವರ ಫೋನ್ ನಂಬರನ್ನೇ ಕೊಡಿ.
6. ವಿವರ ಕೊಟ್ಟ ಮೇಲೆ ಚೀಟಿ ಕೇಳಿ ಪಡೆಯಿರಿ. ಅದರಂತೆ ನಡೆದು, ಹಾಲಿನಲ್ಲೂ ಖರ್ಚಿನಲ್ಲೂ ಏನು ಬದಲಾಯಿತೆಂದು ಮುಂದಿನ ಭೇಟಿಯಲ್ಲಿ ಅವರಿಗೇ ಹೇಳಿ.

ಬಂಧುಗಳೇ, ಸಂಘದಲ್ಲಿ ಹಾಲಿನ ಅಳತೆ ಒಂದು ಚೂರು ತಪ್ಪಿದರೂ ನಾವು ಸುಮ್ಮನಿರುವುದಿಲ್ಲ, ಸುಮ್ಮನಿರಬಾರದು. ಅದೇ ಎಚ್ಚರವನ್ನು ಕೊಟ್ಟಿಗೆಯ ಲೆಕ್ಕದಲ್ಲೂ ಇಡೋಣ. ಸರಿಯಾದ ಅಂಕಿ ಕೊಡುವುದು ನಮ್ಮ ಕೆಲಸ, ಸರಿಯಾದ ಉತ್ತರ ತರುವುದು ಅವರ ಕೆಲಸ. ಎರಡೂ ನಡೆದ ಊರಿನಲ್ಲಿ ಹಸು ತಾನೇ ಫಲ ತೋರಿಸುತ್ತದೆ. ಹೆಚ್ಚಿನ ವಿವರ ಬೇಕಾದವರು ನಿಮ್ಮ ಸಂಘದ ಕಾರ್ಯದರ್ಶ‌ಿಯನ್ನಾಗಲೀ, ಒಕ್ಕೂಟದ ಶಿಬಿರ ಕಚೇರಿಯ ಪಶುವೈದ್ಯರನ್ನಾಗಲೀ ಸಂಪರ್ಕಿಸಬಹುದು.